ಗಂಡನ ಹೆಸರು ಕೇಳುವ ಫೋನು

ಇವತ್ತು ಬೆಳಿಗ್ಗೆ ಉಮರ್ಗಾದ ನನ್ನ ಬಟ್ಟೆ ಅಂಗಡಿಯಲ್ಲಿ ಗಿರಾಕಿಯೊಬ್ಬಳ ಫೋನು "ನಿಮ್ಮ ಗಂಡನ ಹೆಸರು ಹೇಳಿ" ಎಂದಿತು. ಅಳೆಯುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪುತ್ತೇನೆ, ಗಿರಾಕಿಗಳೂ ಒಪ್ಪುತ್ತಾರೆ. ಆದರೆ ಈ ಸಿಟ್ಟಿನ ಕಾರಣ ಕೇಳಿ, ಆಮೇಲೆ ಬೇಕಾದರೆ ನಗಿ.

ದಾಳಿಂಬ ಊರಿನ ನನ್ನ ಸೋದರತ್ತೆ ಗುರಬಾಯಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಉದಗೀರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಹೆಸರು ಬರೆಸಿ ಪಾಳಿ ಹಚ್ಚಬೇಕು, ಅದೂ ಆ್ಯಪಿನಲ್ಲೇ. ಬಾಯಿಂದ ಹೇಳಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ ಎಂದು ಅತ್ತೆಗೆ ಬಲು ಖುಷಿ. ಗಂಡನ ಹೆಸರು ಕೇಳಿತು. ನಮ್ಮ ಕಡೆ ಅವಳ ಕಾಲದ ಹೆಂಗಸರು ಅದನ್ನು ಬರಿದೇ ಹೇಳುವುದುಂಟೇ? ಸೆರಗು ಸರಿಮಾಡಿಕೊಂಡು, ಹೆಸರನ್ನು ಪ್ರಾಸದ ಸಾಲಿನಲ್ಲಿ ಹೆಣೆದು ಒಡಪು ಹಾಕಿದಳು:

"ತೊಗರಿ ಹೊಲಕ ಹಳದಿ ಹೂವ, ಮಲ್ಲಪ್ಪನವರು ನನ್ನ ಜೀವ."

ಫೋನು "ಧನ್ಯವಾದ" ಎಂದಿತು. ಏನು ಬರೆದುಕೊಂಡೆ ಎಂದು ತೋರಿಸಲಿಲ್ಲ, ಸರಿಯೇ ಎಂದು ಕೇಳಲೂ ಇಲ್ಲ.

ಉದಗೀರಕ್ಕೆ ನಾನೂ ಜೊತೆಗೆ ಹೋಗಿದ್ದೆ. ಕೌಂಟರಿನಲ್ಲಿ ಗಟ್ಟಿಯಾಗಿ ಓದಿದರು. ಗಂಡನ ಹೆಸರು: ತೊಗರಿ ಹೊಲಕ ಹಳದಿ ಹೂವ. ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ಆಧಾರ್‌ಗೆ ಹೊಂದುವುದಿಲ್ಲ, ತಿದ್ದಲು ಬರುವುದಿಲ್ಲ, ಹೊಸದಾಗಿ ಹಚ್ಚಿರಿ ಎಂದರು. ಅತ್ತೆಯ ಪಾಳಿ ಹೋಯಿತು.

ಆ ಆ್ಯಪ್ ಮಾಡಿದವನು ಯಾರು ಅಂತೀರಿ? ನಿಲಂಗಾದ ನಮ್ಮ ಬೀಗರ ಮಗ ಶಿವರಾಜ! ಅಲ್ಲಿಂದಲೇ ಫೋನು ಹಚ್ಚಿದೆ.

"ಕಾಕೂ, ಕೋಡ್‌ನಾಗ ತಪ್ಪಿಲ್ರೀ. ಹೆಸರ ಕೇಳಿದ್ರ ಹೆಸರಷ್ಟೇ ಹೇಳಬೇಕು."

"ನಿಮ್ಮವ್ವ ಹೇಳ್ತಾಳೇನೋ?"

ಅವನು ಮತ್ತೆ ಕೋಡಿನ ಮಾತೇ ತೆಗೆದ, ನಾನು ತಡೆದೆ.

"ಆಕಿ ಒಡಪ ಕೇಳಕೋತ ಬೆಳದಾಂವ ನೀ. ಯಾರ ಸಲುವಾಗಿ ಮಾಡ್ಲಿಕತ್ತೀನಿ ಅಂತ ಒಮ್ಮ್ಯಾರ ವಿಚಾರ ಮಾಡಿದಿಯೇನ?"

ಬಳಸುವವರನ್ನು ನೋಡುವುದು ಡಿಸೈನರ್ ಕೆಲಸವಂತೆ, ತನ್ನದು ಬೇರೆಯಂತೆ. ಬೇರೆಯಂತೆ! ರವಿಕೆ ಹೊಲಿಯುವವನು ತೊಡುವವಳ ಅಳತೆ ನೋಡದೆ ಕತ್ತರಿ ಹಾಕುತ್ತಾನೆಯೇ? ಅಷ್ಟಾದರೂ ಕಲಿಯದೆ ಇವರು ಕೋಡ್ ಬರೆಯಲು ಕೂಡುತ್ತಾರಲ್ಲ, ಮೈ ಉರಿಯುತ್ತದೆ.

ಅತ್ತೆ ಮತ್ತೆ ಪಾಳಿ ಹಚ್ಚಿದಳು. "ನಾ ಹೇಳ್ತೀನಿ, ತಾ" ಎಂದು ನಾನು ಅಂದರೂ ಫೋನು ಕೊಡಲಿಲ್ಲ. ನನ್ನಿಂದಲೂ ತಪ್ಪಾದೀತೆಂಬ ಅಂಜಿಕೆ. ಗೋಡೆಗೆ ಮುಖಮಾಡಿ ಬರೀ ಹೆಸರು ಹೇಳಿದಳು. ಆಪರೇಷನ್ ಆಗಿ ಕಣ್ಣು ಕಾಣತೊಡಗಿತು. ಆದರೆ ಮೊನ್ನೆ ನನ್ನ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಒಡಪಿಗೆ ಗಂಟುಬಿದ್ದಾಗ, "ನಾ ಒಲ್ಲೆ, ಮಂದಿ ನಗತಾರ" ಎಂದು ಎದ್ದು ಒಳಗೆ ಹೋದಳು.

ಇವತ್ತು ನನ್ನ ಮುಂದೆ ಇನ್ನೊಬ್ಬಳು ಸೆರಗು ಕಚ್ಚಿ ನಿಂತಿದ್ದಾಳೆ. ಅದೇ ಆ್ಯಪ್, ಅದೇ ಪ್ರಶ್ನೆ. ಹಾಗಾದರೆ ಅವನು ಇನ್ನೂ ತಿದ್ದಿಲ್ಲ! ಶಿವರಾಜನಿಗೆ ಫೋನು ಹಚ್ಚಿದೆ. ಈ ಸಲ ವಾದ ಮಾಡಲಿಲ್ಲ.

"ನಾಳಿಗಿ ಅಂಗಡಿಗಿ ಬಾ. ನಿಮ್ಮವ್ವನ್ನ ಕರಕೊಂಡ ಬಾ. ಫೋನು ಆಕಿ ಕೈಯಾಗ ಕೊಡು. ನೀ ಬಾಯಿ ಮುಚ್ಚಿ ನೋಡಕೋತ ಕೂಡು."