ಕುಲುಕಿದ ಸೀಸೆ

ಈ ಘಟನೆಯನ್ನು ಹೇಳಿದಾಗಲೆಲ್ಲ ನಾನು ಆ ಸೀಸೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆದಿದ್ದೇನೆ. ತರಬೇತಿಗೆ ಬಂದ ಹುಡುಗಿಯರೆದುರು ಒಡೆದೆ, ಬೀಗರೆದುರು ಒಡೆದೆ, ನಿವೃತ್ತಿಯ ದಿನ ಮೈಕಿನೆದುರೂ ಒಡೆದೆ. ಕೇಳಿದವರು ಭಲೆ ಎಂದರು. ಬರೆಯಲು ಕುಳಿತಾಗಲೂ ಮೊದಲ ಕರಡಿನಲ್ಲಿ ಅದು ಒಡೆಯಿತು, ಗಾಜಿನ ಸದ್ದು ಸಮೇತ. ಎರಡನೆಯದರಲ್ಲಿ ಒಡೆಯಲಿಲ್ಲ. ಇದು ಎರಡನೆಯದು.

ನನಗೆ ಗೊತ್ತಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಿರಜದಲ್ಲಿ ನನಗೆ ಕೆಲಸ ಕಲಿಸಿದವರು ಅಥಣಿ ಕಡೆಯ ಒಬ್ಬ ಹಿರಿಯ ನರ್ಸ್. ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ರೋಗಿಗಳನ್ನು ಮರಾಠಿಯಲ್ಲಿ ಬೈದು, ನಮ್ಮನ್ನು ಕನ್ನಡದಲ್ಲಿ ಬೈಯುತ್ತಿದ್ದರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಮೂರಕ್ಕೂ ಒಂದೇ ಸೂಜಿಯಾದ್ದರಿಂದ ಆ ಲಸಿಕೆಗೆ ಅಲ್ಲಿ ತ್ರಿಗುಣಿ ಎಂದು ಹೆಸರು. ಒಂದು ದಿನ ಅವರು ಅವಧಿ ಮುಗಿದ ಎರಡು ತ್ರಿಗುಣಿ ಸೀಸೆಗಳನ್ನು ತಂದರು. ಒಂದನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿದರು. ಆಮೇಲೆ ಎರಡನ್ನೂ ಒಟ್ಟಿಗೆ ಕುಲುಕಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಒಂದು ತಿಳಿಮಜ್ಜಿಗೆಯ ಹಾಗೆ ಮಬ್ಬಾಗಿಯೇ ಉಳಿಯಿತು. ಇನ್ನೊಂದರಲ್ಲಿ ಒಡೆದ ಹಾಲಿನಂಥ ಸಣ್ಣ ಚೂರುಗಳು ಕಾಣಿಸಿಕೊಂಡು, ನೋಡನೋಡುತ್ತಲೇ ತಳಕ್ಕಿಳಿದವು.

"ಬಿಸಿಲಿಗೂ ಕೆಡತೈತಿ, ಬರ್ಫಕ್ಕೂ ಕೆಡತೈತಿ. ಪೋಲಿಯೋದ್ದು ಬರ್ಫ ಆದ್ರ ನಡೀತೈತಿ, ಇದು ನಡ್ಯಂಗಿಲ್ಲ. ತಿಳೀತೇನು?"

"ಹೂಂರಿ."

"ಏನ್ ಹೂಂ? ಇದನ್ನ ಕೂಸಿಗೆ ಹಾಕಿದ್ರ ಏನಾಕ್ಕೈತಿ ಹೇಳು."

"ಗುಣ ಬರಂಗಿಲ್ರಿ."

"ಗುಣ ಬರಂಗಿಲ್ಲ, ಮ್ಯಾಲ ತೊಡಿಗೆ ಗಂಟು ಬರತೈತಿ. ಇದಕ್ಕಿಂತ ಬರೇ ನೀರು ಚುಚ್ಚಿದ್ರ ಪುಣ್ಯಾ ಬರತೈತಿ."

ನಾವು ನಕ್ಕೆವು. ಅವರು ನಗಲಿಲ್ಲ. ಅಥವಾ ಅವರೂ ನಕ್ಕರೋ ಏನೋ. ಗುರುಗಳನ್ನು ಗಂಭೀರವಾಗಿಸುವುದು ನೆನಪಿನ ಚಾಳಿ.

ನನ್ನ ಮೊದಲ ನೇಮಕ ಸಮಡೋಳಿಯ ಆಚೆಗಿನ ಒಂದು ಹಳ್ಳಿಗೆ. ಕಬ್ಬು, ಸಕ್ಕರೆ, ಹಾಲು, ಎಲ್ಲಕ್ಕೂ ಒಂದೊಂದು ಸಹಕಾರಿ ಸಂಘವಿದ್ದ ಕಾಲ. ದವಾಖಾನೆಯ ಫ್ರಿಜ್ಜಿಗೆ ಕರೆಂಟು ಇರುತ್ತಿರಲಿಲ್ಲ, ಹಾಲಿನ ಡೇರಿಗೆ ಜನರೇಟರ್ ಇತ್ತು. ಡೇರಿಯ ಚೇರ್ಮನ್ನರ ಹುಟ್ಟುಹಬ್ಬಕ್ಕೆ ಕಬ್ಬು ಕಡಿಯುವವರ ಮಕ್ಕಳಿಗೆ ಲಸಿಕೆ ಹಾಕುವ ಶಿಬಿರ ನಿಗದಿಯಾಯಿತು. ಹಿಂದಿನ ದಿನ ಬಂದ ತ್ರಿಗುಣಿ ಲಸಿಕೆಯ ಡಬ್ಬಿಯನ್ನು ಡೇರಿಯಲ್ಲಿಡಿ ಎಂದು ಡಾಕ್ಟರು ಹೇಳಿದರು. ನಾನೇ ಒಯ್ದು ಕೊಟ್ಟೆ. ಡಬ್ಬಿ ತೆರೆಯಬೇಡಿ, ತಂಪು ಕೋಣೆಯಲ್ಲಿ ಹೀಗೆಯೇ ಇಡಿ ಎಂದು ಹೇಳಿದೆನೇ? ಹೇಳಿದೆ ಎಂದು ಬರೆಯಲು ಕೈ ತುಡಿಯುತ್ತಿದೆ. ಗೊತ್ತಿಲ್ಲ.

ಬೆಳಿಗ್ಗೆ ಹೋದರೆ, ಹಾಲು ತಂಪು ಮಾಡುವ ಯಂತ್ರ ನೋಡಿಕೊಳ್ಳುವ ಮನುಷ್ಯ ಬಾಗಿಲಲ್ಲೇ ಕಾಯುತ್ತಿದ್ದ. ನಡುವಯಸ್ಸಿನ ಸಜ್ಜನ. ಡಬ್ಬಿಯಲ್ಲಿಟ್ಟರೆ ಮರ್ಯಾದೆ ಸಾಲದೆಂದು ಸೀಸೆಗಳನ್ನೆಲ್ಲ ತೆಗೆದು, ಬರ್ಫದ ತೊಟ್ಟಿಯಲ್ಲಿ ಹೂಳಿಟ್ಟಿದ್ದ. ಥಂಡಿ ಹೆಚ್ಚಾದಷ್ಟೂ ಮಾಲು ತಾಜಾ. ಅವನ ಜೀವಮಾನದ ಕಸುಬು ಅವನಿಗೆ ಕಲಿಸಿದ್ದು ಅದನ್ನೇ.

"ನೋಡ್ರಿ ಸಿಸ್ಟರಬಾಯಿ, ಹೆಂಗ ಕಲ್ಲ ಆಗ್ಯಾವ! ನಿಮ್ಮ ದವಾಖಾನಿ ಫ್ರಿಜ್ಜಿನ್ಯಾಗ ಹಿಂಗ ಆಗತಾವೇನು?"

ಟ್ರೇ ತುಂಬ ಬಿಳಿಯ ಕಲ್ಲುಗಳು. ಅವನ ಮುಖದ ಸಂತೋಷ ನೋಡಲಾಗಲಿಲ್ಲ.

ಒಂದು ಸೀಸೆಯನ್ನು ಅಂಗೈಯಲ್ಲಿ ಕರಗಿಸಿ, ಕುಲುಕಿ, ಶಿಬಿರಕ್ಕೆ ಹಾಕಿದ್ದ ಮಂಟಪದ ಹಿಂದೆ ಡಾಕ್ಟರಿಗೆ ತೋರಿಸಿದೆ. ಚೂರುಗಳು ತಳ ಸೇರುವುದನ್ನು ಅವರೂ ನೋಡಿದರು. ಅವರಿಗೆ ಗೊತ್ತಿರಲಿಲ್ಲ ಎಂದು ಎಷ್ಟೋ ವರ್ಷ ಹೇಳುತ್ತ ಬಂದೆ. ಆದರೆ ಅವರು ಯಾಕೆ ಎಂದು ಕೇಳಲೇ ಇಲ್ಲ. ಗೊತ್ತಿಲ್ಲದವರು ಕೇಳುತ್ತಾರೆ.

"ಸಿಸ್ಟರ್, ಲೋಕ ಜಮಲೇತ," ಎಂದರು. ಜನ ಸೇರಿಬಿಟ್ಟಿದ್ದಾರೆ. ಅಷ್ಟೇ. ಹಾಕು ಎಂದು ಅವರು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೈ ತೊಳೆದುಕೊಂಡು ವೇದಿಕೆಗೆ ಹೋದರು.

ಹೆದರಿದೆ ಎಂದು ಹೇಳಿದರೆ ಓದುವವರು ಕ್ಷಮಿಸುತ್ತಾರೆ: ಹೊಸ ನೌಕರಿ, ದೂರದ ಊರಿಗೆ ವರ್ಗ ಮಾಡಬಹುದಿತ್ತು. ಆದರೆ ಅಷ್ಟೇ ಅಲ್ಲ. ಸೂಜಿ ಶುರುವಾಗುವ ಮುಂಚೆ ವೇದಿಕೆಯ ಮೇಲೆ ನನ್ನನ್ನೂ ಕರೆದು ಶಾಲು, ತೆಂಗಿನಕಾಯಿ ಕೊಟ್ಟಿದ್ದರು. ಮಿರಜದ ಪೇಟೆಯಲ್ಲಿ ಅಪ್ಪನ ಅಂಗಡಿಯ ಗಲ್ಲೆಯ ಹಿಂದೆ ಬೆಳೆದ ಹುಡುಗಿಗೆ ಅಷ್ಟು ಜನರೆದುರು ಶಾಲು ಸಿಕ್ಕದ್ದು ಅದೇ ಮೊದಲು. ಹೆಗಲ ಮೇಲಿನ ಶಾಲು ತೆಗೆದು ಬದಿಗಿಟ್ಟು, ಸೂಜಿ ಹಿಡಿದೆ.

ಎಷ್ಟು ಮಕ್ಕಳಿದ್ದರೋ ರಿಜಿಸ್ಟರಿನಲ್ಲಿ ಇದ್ದೀತು. ನನಗೆ ನೆನಪಿರುವುದು ಒಂದೇ. ಇಂಡಿ ಕಡೆಯಿಂದ ಕಬ್ಬು ಕಡಿಯಲು ಬಂದ ಟೋಳಿಯ, ಅಂದರೆ ಗುಂಪಿನ, ಹೆಂಗಸೊಬ್ಬಳು ಹೆಣ್ಣುಕೂಸನ್ನು ಎತ್ತಿಕೊಂಡು ಸರತಿಯಲ್ಲಿ ಬಂದಳು. ಉಳಿದವರು ಮರಾಠಿಯಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದವಳು, ನನ್ನ ಬಾಯಲ್ಲಿ ಕನ್ನಡ ಕೇಳಿ ಮುಖ ಅರಳಿಸಿದಳು.

"ನಮ್ಮಾಕಿನ ಅದೀರಿ, ಛಲೋ ಆತು. ಬಾಯಾರ, ಅದನ್ಯಾಕ ಹಂಗ ಅಲ್ಲಾಡಸ್ತೀರಿ?"

"ಔಷಧ ಕೂಡಬೇಕಲ್ಲ, ಅದಕ್ಕ."

"ಛಲೋ ಐತೇನ್ರಿ ಇದು? ನೀವು ಹೂಂ ಅಂದ್ರ ಹಾಕಸ್ತೀನಿ. ಆ ಡಾಕ್ಟರ ಮಾತು ನನಗ ತಿಳಿಯಂಗಿಲ್ಲ."

ಸೀಸೆ ನನ್ನ ಕೈಯಲ್ಲಿತ್ತು. ಚೂರುಗಳು ಇಳಿಯುತ್ತಿದ್ದವು. ಬೇಡ ಎಂದು ಮೆಲ್ಲಗೆ ಕನ್ನಡದಲ್ಲಿ ಅಂದಿದ್ದರೆ ಅಲ್ಲಿ ಬಹಳ ಜನಕ್ಕೆ ಗೊತ್ತೂ ಆಗುತ್ತಿರಲಿಲ್ಲ.

"ಛಲೋ ಐತಿ ತಂಗಿ. ತೊಡಿ ಗಟ್ಟಿ ಹಿಡಕೊ," ಎಂದೆ.

ಕೂಸು ಅತ್ತಿತು. ಕಾರ್ಡಿನಲ್ಲಿ ಸಹಿ ಮಾಡಿಕೊಟ್ಟೆ. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರವಿಕೆಯೊಳಗೆ ಇಟ್ಟುಕೊಂಡಳು. ಹಂಗಾಮು ಮುಗಿದು ಟೋಳಿ ಊರಿಗೆ ಹೋಯಿತು.

ಮುಂದಿನ ಹಂಗಾಮಿಗೆ ಅವಳು ಮತ್ತೆ ಬಂದಳು. ಒಂದು ಕರಡಿನಲ್ಲಿ ಆ ಹೆಣ್ಣುಕೂಸನ್ನು ನಾನು ಸಾಯಿಸಿದ್ದೆ. ಸತ್ತರೆ ನನ್ನ ಪಶ್ಚಾತ್ತಾಪಕ್ಕೆ ತೂಕ ಬರುತ್ತದೆ ಎಂಬ ಆಸೆ. ಅದು ಸಾಯಲಿಲ್ಲ. ಮಳೆಗಾಲವಿಡೀ ನಾಯಿಕೆಮ್ಮಿನಲ್ಲಿ ನರಳಿ, ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿ, ತಿಂದದ್ದನ್ನೆಲ್ಲ ಕಾರಿ, ಕಡ್ಡಿಯಾಗಿ ಉಳಿದುಕೊಂಡಿತ್ತು. ಅದನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಳು. ಒಂದೇ ಸೂಜಿಯಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ, ಒಳ್ಳೆಯ ಲಸಿಕೆ ಹಾಕಿದ್ದರೂ ಕೆಮ್ಮು ಬರಬಹುದಿತ್ತು. ಈ ವಾದ ನನಗೆ ಬಾಯಿಪಾಠ. ಅದನ್ನು ತಲೆದಿಂಬು ಮಾಡಿಕೊಂಡು ಎಷ್ಟೋ ವರ್ಷ ಮಲಗಿದ್ದೇನೆ.

ಈ ಸಲ ಅವಳ ಸೊಂಟದಲ್ಲಿ ಇನ್ನೊಂದು ಕೂಸು, ಗಂಡು. ಅವರ ಗುಡಿಸಲುಗಳ ಸಾಲಿಗೆ ನಾನೇ ಡಬ್ಬಿ ಹೊತ್ತು ಹೋಗಿದ್ದೆ. ಬೆಳಿಗ್ಗೆ ಸಾಂಗಲಿಯಿಂದ ಬಂದ ಸೀಸೆ, ಬರ್ಫ ತಾಗದಂತೆ ಕಾಗದದಲ್ಲಿ ಸುತ್ತಿ ನನ್ನ ಕೈಯಾರೆ ಇಟ್ಟದ್ದು. ಅದರ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

"ಬ್ಯಾಡ್ರಿ ಬಾಯಾರ," ಎಂದಳು. ಸಿಟ್ಟಿನಿಂದಲ್ಲ. ಹಿಂದೆ ನಿಂತ ಹೆಂಗಸರೂ ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಹಂಗನಬ್ಯಾಡ ತಂಗಿ, ಇದು ಛಲೋ ಐತಿ. ಇಲ್ಲಿ ನೋಡು."

ಸೀಸೆಯನ್ನು ಅವಳ ಕಣ್ಣೆದುರು ಹಿಡಿದು ಕುಲುಕಿದೆ. ಮಬ್ಬು, ತಿಳಿಮಜ್ಜಿಗೆಯ ಬಣ್ಣ, ಒಂದು ಚೂರೂ ಇಲ್ಲ. ತಳಕ್ಕೆ ಏನೂ ಇಳಿಯಲಿಲ್ಲ. ಅವಳು ಸೀಸೆಯನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಆವತ್ತೂ ಹಿಂಗ ಅಲ್ಲಾಡಿಸಿದ್ರಲ್ರಿ," ಎಂದಳು.