ಮೂಡಿಗೆರೆಯ ಶೆಡ್ಡಿಗೆ ಬಂದ ಬೆಳಕಿನ ಯಂತ್ರ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಉತ್ತರ ಮುಗಿಸುವಷ್ಟರಲ್ಲಿ ನನಗೇ ಸಿಟ್ಟು ಬಂದಿರುತ್ತದೆ. ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಕೇಂದ್ರವಿದೆ. ಅಲ್ಲಿರುವುದೆಲ್ಲ ಬೆಳಕಿನಿಂದ ಕೆಲಸ ಮಾಡುವ ಯಂತ್ರಗಳು. ಒಂದು ಯಂತ್ರ ಬೀಜದ ತೇವ ಅಳೆಯುತ್ತದೆ, ಇನ್ನೊಂದು ಮೆಣಸಿನೊಳಗಿನ ಕಲ್ಲು ಹುಡುಕುತ್ತದೆ, ಮತ್ತೊಂದು ಕಾಫಿಯ ಕೆಟ್ಟ ಬೀಜವನ್ನು ಹೊರಗೆ ಹಾಕುತ್ತದೆ. ದೊಡ್ಡ ಕಂಪನಿಗಳು ಇಂಥವನ್ನು ತಾವೇ ಕೊಳ್ಳುತ್ತವೆ. ಸಣ್ಣವರಿಗೆ ಅದು ಕೈಗೆಟುಕುವ ಮಾತಲ್ಲ. ಹಾಗಾಗಿ ಅವರು ನಮ್ಮ ಯಂತ್ರಗಳನ್ನು ಸರದಿಯ ಮೇಲೆ ಒಯ್ದು ಬಳಸಿ ನೋಡುತ್ತಾರೆ. ಜೊತೆಗೆ ಕಲಿಸಿಕೊಡಲು ಎಂಜಿನಿಯರ್ ಆಗಿ ನಾನು ಹೋಗುತ್ತೇನೆ. ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೆ ನಮ್ಮ ನೆಂಟರು, "ಅಂದ್ರೆ ಲೈಟ್ ರಿಪೇರಿನಾ?" ಎನ್ನುತ್ತಾರೆ. ಹೌದೆಂದು ತಲೆಯಾಡಿಸಿ ಊಟಕ್ಕೆ ಕೂತುಬಿಡುತ್ತೇನೆ.

ಮೂಡಿಗೆರೆಯಿಂದ ಒಬ್ಬ ಹೆಂಗಸು ನಮ್ಮ ಕೇಂದ್ರಕ್ಕೆ ಬಂದಾಗ ಕಾಫಿ ಕೊಯ್ಲು ಮುಗಿದಿತ್ತು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು, ಹಣೆಯ ತುಂಬ ವಿಭೂತಿ, ಮಾತು ಖಡಕ್. ಮಾವನ ಕಾಲದ ಶೆಡ್ಡಿನಲ್ಲಿ ಅವರದೊಂದು ಸಣ್ಣ ಕಾಫಿ ಘಟಕ. ಸುತ್ತಲಿನ ಸಣ್ಣ ಬೆಳೆಗಾರರ ಪಾರ್ಚ್‌ಮೆಂಟ್, ಎಂದರೆ ಒಳಸಿಪ್ಪೆ ಬಿಡಿಸದ ಒಣ ಬೀಜ, ಕೊಂಡು, ಸಿಪ್ಪೆ ಬಿಡಿಸಿ, ಹೆಂಗಸರ ಕೈಯಲ್ಲಿ ಕೆಟ್ಟ ಬೀಜ ಆರಿಸಿ ಮಾರುತ್ತಿದ್ದರು. ಆ ವರ್ಷ ಮೊದಲ ಸಲ ಕಾಫಿ ಹುರಿಯುವ ಕಂಪನಿಯೊಂದು ಮಧ್ಯವರ್ತಿಗಳಿಲ್ಲದೆ, ಅವರದೇ ಘಟಕದ ಹೆಸರಿನಲ್ಲಿ ಕಾಫಿ ಕೊಳ್ಳಲು ಒಪ್ಪಿತ್ತು. ಮೊದಲ ಲಾಟು ಹೋಯಿತು. ಹೋದ ಹಾಗೆಯೇ ವಾಪಸ್ಸೂ ಬಂತು. ಕಾಫಿ ಕಪ್ಪಿನಲ್ಲಿ ಕೊಳೆತ ನಾತ ಬರುತ್ತದೆ ಎಂದು ಕಾರಣ ಹೇಳಿದ್ದರು.

ಅದು ಅತಿಯಾಗಿ ಹುಳಿತ ಬೀಜದ ಕೆಲಸ. ಹಣ್ಣು ಸುಲಿಯುವ ಪಲ್ಪರಿನ ಮೂಲೆಯಲ್ಲೋ ತೊಟ್ಟಿಯ ಬುಡದಲ್ಲೋ ಸಿಕ್ಕಿಕೊಂಡು ಉಳಿದ ಬೀಜ ಒಣಗಿದ ಮೇಲೆ ಬೇರೆ ಬೀಜಗಳ ಹಾಗೆಯೇ ಕಾಣುತ್ತದೆ. ಎಂಥ ಕಣ್ಣಿಗೂ ಸುಲಭಕ್ಕೆ ಸಿಗುವುದಿಲ್ಲ. ಆದರೆ ನೇರಳಾತೀತ ಬೆಳಕು ಬಿಟ್ಟರೆ ಗುಟ್ಟು ರಟ್ಟಾಗುತ್ತದೆ, ಕಳ್ಳ ಬೀಜ ಬೆಳ್ಳಗೆ ಹೊಳೆಯುತ್ತದೆ. ನಮ್ಮ ಯಂತ್ರದಲ್ಲಿ ಬೀಜಗಳು ಒಂದು ಗಾಜಿನ ಮುಂದೆ ಸುರಿಯುತ್ತವೆ, ಹೊಳೆದದ್ದನ್ನು ಕ್ಯಾಮೆರಾ ಗುರುತಿಸುತ್ತದೆ, ಗಾಳಿಯ ಒಂದೇ ಹೊಡೆತಕ್ಕೆ ಅದು ಪಕ್ಕದ ಡಬ್ಬಕ್ಕೆ ಹಾರುತ್ತದೆ.

"ಎರಡನೇ ಲಾಟೂ ವಾಪಸ್ ಬಂದ್ರೆ ನನ್ನ ಶೆಡ್ಡು ಹೋಗ್ತದೆ ಮಾರಾಯ್ತಿ" ಎಂದರು ಅವರು. ಶೆಡ್ಡಿನಲ್ಲಿ ಪಾಲಿದ್ದ ಮೈದುನನದು ಬಸ್ ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿ. ಪೈಪು, ಸಿಮೆಂಟು ಇಡಲು ಅವನಿಗೆ ಜಾಗ ಬೇಕಿತ್ತು. ಈ ಸಲವೂ ಕಾಫಿ ತಿರಸ್ಕಾರವಾದರೆ ಶೆಡ್ಡು ಬಿಟ್ಟುಕೊಡುತ್ತೇನೆಂದು ಇವರೇ ಮನೆಯವರೆದುರು ಮಾತು ಕೊಟ್ಟುಬಿಟ್ಟಿದ್ದರು. ಹಟಕ್ಕೆ ಬಿದ್ದು ಕೊಟ್ಟ ಮಾತು. ನನಗೆ ಅವರು ಹಿಡಿಸಿದ್ದೇ ಅದಕ್ಕೆ.

ಪಿಕಪ್ಪಿನಲ್ಲಿ ಯಂತ್ರ ಹೇರಿಕೊಂಡು ಆಲ್ದೂರಿನ ತಿರುವುಗಳಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಮೂಡಿಗೆರೆ ಮುಟ್ಟಿದೆ. ಇಳಿಸಿ, ಮಟ್ಟ ನೋಡಿ, ಗಾಜು ಒರೆಸಿ, ತಂತಿ ಜೋಡಿಸಿದ್ದಾಯಿತು. ಪೂಜೆಯಾಗದೆ ಚಾಲೂ ಮಾಡುವ ಹಾಗಿಲ್ಲ ಎಂದರು ಅಕ್ಕ; ಅಷ್ಟರಲ್ಲಿ ಅವರನ್ನು ನಾನು ಹಾಗೆ ಕರೆಯತೊಡಗಿದ್ದೆ. ಮಾಡಿ ಎಂದು ನಾನು ಕಾಫಿ ಕುಡಿಯಲು ಹೋದೆ. ವಾಪಸ್ ಬಂದಾಗ ಯಂತ್ರದ ಮೇಲೊಂದು ಹೂವಿನ ಹಾರ, ಕೆಳಗೆ ಒಡೆದ ತೆಂಗಿನಕಾಯಿ. ಬೀಜ ಆರಿಸುವ ಹೆಂಗಸರು ಕೈಕಟ್ಟಿ ನಿಂತಿದ್ದರು. ನಮ್ಮ ಅನ್ನ ಕಸಿಯಲು ಬಂದವಳು ಇವಳೇ ಎಂಬ ಹಾಗೆ ನನ್ನನ್ನು ನೋಡುತ್ತಿದ್ದರು.

ಸ್ವಿಚ್ ಒತ್ತಿದೆ. ಯಂತ್ರ ಭರ್ರೆಂದು ಶುರುವಾಗಿ, ಬಂದ ಬೀಜವನ್ನೆಲ್ಲ ಕೆಟ್ಟದ್ದರ ಡಬ್ಬಕ್ಕೆ ಎಸೆಯತೊಡಗಿತು. ಒಂದನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅತ್ತಿಗೆ, ಎಲ್ಲಾ ಎಸೆಯೋದಕ್ಕೆ ಮಷಿನ್ ಎಂತಕ್ಕೆ? ನನಗೆ ಹೇಳಿದ್ರೆ ನಾನೇ ಎಸೀತಿದ್ದೆ."

ಅಂದಿಡೀ ದಿನ ನಾನು ತಲೆ ಕೆಡಿಸಿಕೊಂಡೆ. ಹೊರಗಿನ ಪರದೆಯಿಂದಲೇ ಕ್ಯಾಮೆರಾವನ್ನು ಮತ್ತೆ ಮತ್ತೆ ಹೊಂದಿಸಿದೆ, ವೋಲ್ಟೇಜಿಗೆ ಶಾಪ ಹಾಕಿದೆ, ಯಂತ್ರ ಮಾಡಿದವರಿಗೆ ಫೋನ್ ಮಾಡಿದೆ. ಗಾಜು ಒರೆಸಿದ್ದೀರಾ ಎಂದು ಅವರು ಕೇಳಿದ್ದಕ್ಕೆ ನನಗೆ ಮೈ ಉರಿದುಹೋಯಿತು. ನನ್ನ ಕೈಯಾರೆ ಒರೆಸಿದ್ದ ಗಾಜದು! ಆದರೂ ಮಾರನೆಯ ಬೆಳಿಗ್ಗೆ, ಇನ್ನೇನೂ ತೋಚದೆ, ಒಳಬಾಗಿಲು ತೆರೆದೆ. ಗಾಜಿನ ಆ ತುದಿಯಿಂದ ಈ ತುದಿಗೆ ಲಕ್ಷಣವಾಗಿ ಮೂರು ವಿಭೂತಿ ಗೆರೆ, ನಡುವೆ ಕುಂಕುಮ. ಬಿಳಿ ಗೆರೆಯ ಮೂಲಕ ನೋಡಿದ ಕ್ಯಾಮೆರಾಕ್ಕೆ ಪ್ರತಿ ಬೀಜವೂ ಬೆಳ್ಳಗೆ ಕಂಡಿತ್ತು.

"ಅಕ್ಕಾ, ಒಳಗೆ ಯಾಕೆ ಹಚ್ಚಿದ್ರಿ?" ನನ್ನ ದನಿ ಇಡೀ ಶೆಡ್ಡಿಗೆ ಕೇಳಿಸಿರಬೇಕು.

"ಹೊರಗೆ ಬರೀ ತಗಡಲ್ವಾ" ಎಂದರು ಅವರು, ನಾನೇ ದಡ್ಡಿ ಎಂಬ ಹಾಗೆ. "ತಗಡಿಗೆ ವಿಭೂತಿ ಇಟ್ರೆ ಎಂತ ಬಂತು? ನೋಡೋದು ಈ ಗಾಜು, ಹಂಗಾಗಿ ಬಾಗಿಲು ತೆಗೆದು ಇದಕ್ಕೇ ಇಟ್ಟೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೊದಲು ನಕ್ಕದ್ದು ಆ ಆರಿಸುವ ಹೆಂಗಸರು. ನಗು ತಡೆಯಲಾರದೆ ಒಬ್ಬಾಕೆ ಮೇಜಿನ ಮೇಲೇ ತಲೆಯಿಟ್ಟಳು. ಆಮೇಲೆ ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ. ಇಟ್ಟ ವಿಭೂತಿ ಅಳಿಸುವುದು ಅವರಿಗೆ ಸಣ್ಣ ವಿಷಯವಾಗಿರಲಿಲ್ಲ. ನನ್ನ ಕೈಯ ಬಟ್ಟೆಯನ್ನು ತಡೆದು, ಸ್ನಾನ ಮಾಡಿ ಬಂದು, ಮಡಿಬಟ್ಟೆ ಒದ್ದೆ ಮಾಡಿ ತಾವೇ ಮೆಲ್ಲಗೆ ಒರೆಸಿದರು. ಅವರ ಬೆನ್ನ ಹಿಂದೆ ನಾನು ಇನ್ನೊಂದು ಸಲ ಚೆನ್ನಾಗಿ ಉಜ್ಜಿದೆ.

ಈ ಸಲ ಒಳ್ಳೆಯ ಬೀಜ ಚೀಲಕ್ಕೆ ಧಾರೆಯಾಗಿ ಇಳಿಯಿತು. ಡಬ್ಬಕ್ಕೆ ಆಗೊಂದು ಈಗೊಂದು ಟಣ್ಣೆಂದು ಹಾರಿತು. ಅಕ್ಕ ಡಬ್ಬದಿಂದ ಒಂದು ಮುಷ್ಟಿ ತೆಗೆದು ಅಂಗೈಯಲ್ಲಿ ಹೊರಳಿಸಿದರು.

"ಚೆನ್ನಾಗೇ ಉಂಟಲ್ಲ ಮಾರಾಯ್ತಿ? ಎಂತ ಕೆಟ್ಟಿದೆ ಇದು?"

ಒಂದನ್ನು ಕತ್ತರಿಸಿ ಅವರ ಮೂಗಿನ ಹತ್ತಿರ ಹಿಡಿದೆ. ಮುಖ ಹಿಂಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಕಿಟಕಿ ಬಾಗಿಲು ಹಾಕಿಸಿ, ಕೈದೀಪದಲ್ಲಿ ಅದೇ ಬೆಳಕು ಬಿಟ್ಟು ಡಬ್ಬದ ಬೀಜ ತೋರಿಸಿದೆ. ಸುಣ್ಣ ಸಿಡಿದ ಹಾಗೆ ಅಲ್ಲಲ್ಲಿ ಬಿಳಿ ಚುಕ್ಕೆ. ಗಾಳಿಯ ಹೊಡೆತಕ್ಕೆ ಅಕ್ಕಪಕ್ಕದ ಒಳ್ಳೆಯ ಬೀಜಗಳೂ ಹಾರಿ ಬಂದಿದ್ದವು. ಅವನ್ನು ಮತ್ತೆ ಆರಿಸಲು ಮನುಷ್ಯರ ಕೈಯೇ ಬೇಕು. ಹೆಂಗಸರಿಗೆ ಆ ಬೆಳಕು ಕಣ್ಣಿಗೆ ತಾಗದಂಥ ಕನ್ನಡಕ ಕೊಟ್ಟು, ಕತ್ತಲೆ ಮೂಲೆಯಲ್ಲಿ ಮೇಜು ಹಾಕಿ, ಮೇಲೆ ಆ ದೀಪ ತೂಗುಹಾಕಿದೆ. ಸಂಜೆಯ ಹೊತ್ತಿಗೆ ಅವರು ನನ್ನನ್ನು ದುರುಗುಟ್ಟುವುದು ಬಿಟ್ಟು ದೀಪದ ಸುತ್ತ ಕೂತಿದ್ದರು. ಬಿಳಿ ಬೀಜ ಸಿಕ್ಕಿದಾಗಲೆಲ್ಲ "ಸಿಕ್ಕಿದ ಕಳ್ಳ, ನೋಡು!" ಎಂದು ಕೂಗುತ್ತಿದ್ದರು.

ಕಂಪನಿಯ ರುಚಿಗಾರರು ಬಂದದ್ದು ಅದಾದ ಕೆಲವು ದಿನಗಳಿಗೆ. ಮೊದಲ ದಿನ ನಕ್ಕದ್ದು ಸಾಲದೆಂಬಂತೆ ಮೈದುನನೂ ಬಂದ, ಜೊತೆಗೆ ಕೈಯಲ್ಲಿ ಅಳತೆಯ ಟೇಪು. ಅತ್ತಿಗೆಯ ಸೋಲು ಅವನ ಪಾಲಿಗೆ ಆಗಲೇ ಖಾತ್ರಿಯಾಗಿತ್ತು. ರುಚಿಗಾರರು ಸಾಲಾಗಿಟ್ಟ ಕಪ್ಪುಗಳಿಂದ ಚಮಚದಲ್ಲಿ ಸೊರ್ರೆಂದು ಹೀರಿ ಉಗುಳುತ್ತ ಹೋದರು. ಅಕ್ಕನ ಕೈ ನನ್ನ ಕೈಯನ್ನು ಯಾವಾಗ ಹಿಡಿಯಿತೋ, ಬಳೆ ಒತ್ತಿ ನೋಯುತ್ತಿತ್ತು. ಕೊನೆಯ ಕಪ್ಪು ಮುಗಿಸಿ ಅವರು ಮೊದಲನೆಯದಕ್ಕೆ ವಾಪಸ್ ಬಂದರು. ಈ ಸಲ ಉಗುಳಲಿಲ್ಲ, ಕುಡಿದರು.

"ಒಂದು ಕಪ್ಪಲ್ಲೂ ದೋಷ ಇಲ್ಲಮ್ಮಾ. ಲಾಟು ಪೂರ್ತಿ ತಗೋತೀವಿ. ಮುಂದಿನ ಕೊಯ್ಲಿಂದೂ ನಮಗೇ ಇಡಿ."

ಬೀಜ ಆರಿಸುವ ಹೆಂಗಸರು ಹೋ ಎಂದು ಕೂಗಿದ್ದು ರಸ್ತೆಗೆ ಕೇಳಿಸಿರಬೇಕು. ನನಗೆ ಕಣ್ಣು ತುಂಬಿತು. ನಾನು ಅಷ್ಟು ಬೇಗ ಅಳುವವಳಲ್ಲ. ಮಲ್ಲಂದೂರು ಕಡೆಯ ಇನ್ನೆರಡು ಸಣ್ಣ ಘಟಕದವರು ಸುದ್ದಿ ತಿಳಿಯಲೆಂದೇ ಬಂದು ಹೊರಗೆ ಕಾದಿದ್ದರು. ಮೂವರೂ ಸೇರಿ ಇಂಥದೇ ಸ್ವಂತ ಯಂತ್ರ ತರಿಸೋಣ, ಅಕ್ಕನ ಶೆಡ್ಡಿನಲ್ಲೇ ಇಡೋಣ, ನಮ್ಮ ಕಾಫಿ ಇಲ್ಲಿಗೇ ತರುತ್ತೇವೆ ಎಂದರು. ಕೇಂದ್ರದಿಂದ ಎಲ್ಲ ಸಹಾಯ ಮಾಡಿಸುವ ಜವಾಬ್ದಾರಿ ನನ್ನದು ಎಂದೆ.

ಮೈದುನ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ. ಅಕ್ಕ ಕರೆದರು.

"ಎಲ್ಲಿಗೆ ಹೊರಟೆ ಮಾರಾಯ? ಹೆಂಗೂ ಟೇಪು ತಂದಿದ್ದೀಯಲ್ಲ. ಹೊಸ ಮಷಿನ್ನಿಗೆ ಜಾಗ ಅಳೆದು ಕೊಟ್ಟು ಹೋಗು."

ಅವನು ವಾಪಸ್ ಬಂದ. ಆಮೇಲೆ ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಮಂಡಿಯೂರಿ, ಟೇಪಿನ ಒಂದು ತುದಿಯನ್ನು ಅತ್ತಿಗೆಯ ಕೈಗೆ ಕೊಟ್ಟ.