ಗುರುಲಿಂಗವ್ವನ ಚೀಲ

ಕೆರೂರ ಸಂತೆಯಲ್ಲಿ ಕುಪ್ಪಸದ ಖಣ ಮಾರುತ್ತಿದ್ದ ಗುರುಲಿಂಗವ್ವನಿಗೆ ಮಕ್ಕಳಿರಲಿಲ್ಲ. ಯಾವ ಕೂಸು ಹಟ ಹಿಡಿದರೂ ತಾಯಂದಿರು ಅವಳತ್ತ ಬೆರಳು ತೋರಿಸುತ್ತಿದ್ದರು: “ಸುಮ್ಕಿರ್, ಆ ಆಯಿ ಚೀಲದಾಗ ಹಾಕ್ಕೊಂಡ ಹೋಗ್ತಾಳ!” ಮಕ್ಕಳು ಹೆದರಿ ಸುಮ್ಮನಾಗುತ್ತಿದ್ದವು. ಒಂದಾದರೂ ತನ್ನ ತೊಡೆಯ ಮೇಲೆ ಬಂದು ಕೂತೀತೆಂದು ಅವಳು ವರ್ಷಗಟ್ಟಲೆ ಕಾದಳು.

ಎರಡು ಸಾವಿರದ ಎರಡರ ಒಂದು ಸಂತೆಯಲ್ಲಿ, ಬಳೆಗಾಗಿ ನೆಲದಲ್ಲಿ ಹೊರಳಾಡುತ್ತಿದ್ದ ಮಗಳನ್ನು ಸುನಂದಾ ಎಲ್ಲರೆದುರೇ ಬಡಿದಳು. “ಒಯ್ಯಬೇ ಆಯಿ, ಇಕಿನ್ನ!” ಸುತ್ತಲಿನವರು ನಕ್ಕರು. ಹುಡುಗಿ ಅಳು ನಿಲ್ಲಿಸಿ ಎದ್ದು ಬಂದಳು. ಗುರುಲಿಂಗವ್ವ ಖಣ ತುಂಬಿ ತಂದಿದ್ದ ಖಾಲಿ ಚೀಲದೊಳಗಿಳಿದು ಕೂತಳು.

“ನಡಿ ಆಯಿ, ಹೋಗೂಣು.”

ಸುನಂದಾ ಕರೆದರೂ ಹುಡುಗಿ ತಿರುಗಿ ನೋಡಲಿಲ್ಲ. ನಗು ನಿಂತಿತು. “ಆಯಿ, ಏನ್ ಮಾಡಾಕತ್ತೀ!” ಎಂದು ಸುನಂದಾ ಚೀರಿದಾಗಲೇ ಗುರುಲಿಂಗವ್ವ ತನ್ನ ಕೈಗಳನ್ನು ನೋಡಿಕೊಂಡಳು. ಅವು ಆಗಲೇ ಚೀಲದ ಬಾಯಿ ಕಟ್ಟುತ್ತಿದ್ದವು.